ಐದು ಮನೆ, ಐದು ವಹಿ

ಖರ್ಚಿನ ವಹಿಯ ಮೊದಲ ಪುಟದಲ್ಲೇ ನಾನು ಸುಳ್ಳು ಬರೆದೆ. 2024ರ ಜೂನ್ 1, ಶನಿವಾರ. ‘ಸೋಪು, ಎಣ್ಣೆ – 640’ ಎಂದು. ಸೋಪಿಗೂ ಎಣ್ಣೆಗೂ ಹೋದದ್ದು 240 ಮಾತ್ರ. ಉಳಿದ 400, ಮನೆ ಮನೆಗೆ ಬಟ್ಟೆ ಹೊತ್ತು ಬರುವವನ ಹತ್ತಿರ ಕಂತಿನ ಮೇಲೆ ತೆಗೆದುಕೊಂಡ ಸೀರೆಯದು. ಆ ಸೀರೆ ಮನೆಯವರಿಗೂ ಗೊತ್ತಿರಲಿಲ್ಲ. ಅಕ್ಕಿ ಡಬ್ಬದ ಹಿಂದೆ ಮಡಚಿಟ್ಟಿದ್ದೆ.

ಆ ವಹಿ ಹೇಗೆ ಶುರುವಾಯಿತು ಎಂಬುದನ್ನು ಹೇಳುತ್ತೇನೆ. ನಮ್ಮದು ಉತ್ತರ ಕನ್ನಡದ ಕುಮಟೆ. ಮನೆಯವರು ತದಡಿ ಬಂದರಿನಿಂದ ಮೀನು ಸಾಗಿಸುವ ಟೆಂಪೋ ಓಡಿಸುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಆಗ ಯಾರ ಮಾತೂ ಕೇಳುವುದಿಲ್ಲ. ನಿಷೇಧ ಬೇಕಾದದ್ದೇ, ನನಗೆ ಅದರ ಮೇಲೆ ತಕರಾರಿಲ್ಲ. ಆದರೆ ದೋಣಿ ನಿಂತರೆ ಟೆಂಪೋವೂ ನಿಲ್ಲುತ್ತದೆ. ಪ್ರತಿ ವರ್ಷ ಆ ಎರಡು ತಿಂಗಳಿಗೆ ಅಂತ ನಾನು ಕೂಡಿಟ್ಟದ್ದು ಮೇ ತಿಂಗಳ ಮದುವೆ ಮುಂಜಿಗಳಲ್ಲೇ ಕರಗುತ್ತಿತ್ತು. ಆ ವರ್ಷವಂತೂ ಮೇ ಮುಗಿಯುವುದರೊಳಗೆ ನನ್ನ ನಾಲ್ಕು ಬಳೆಗಳು ಎರಡು ರಸೀದಿಗಳಾಗಿ ಸೊಸೈಟಿಯಲ್ಲಿ ಕೂತಿದ್ದವು. ಒಂದು ರಸೀದಿ 28,000ದ್ದು, ಇನ್ನೊಂದು 30,000ದ್ದು.

ಮೇ ಕೊನೆಗೆ ಮಗಳ ಪುಸ್ತಕಕ್ಕೆ ಅಂತ 500 ರೂಪಾಯಿ ಕೈಗಡ ಕೇಳಲು ಅಂಗನವಾಡಿ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲಿ ನಿಂತು ಹವಾಮಾನ, ಹಲಸಿನಕಾಯಿ, ಮಕ್ಕಳ ಶಾಲೆ ಅಂತ ಹತ್ತು ನಿಮಿಷ ಏನೇನೋ ಮಾತಾಡಿ ಕಡೆಗೆ ವಿಷಯ ಹೇಳಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, “ನನ್ ಹತ್ರನೂ ಇಲ್ವೇ ತಂಗೀ. ಸಂಜೆಗೆ ನಾನೇ ನಿನ್ನತ್ರ ಕೇಳೂಕೆ ಬರೂದಿತ್ತು” ಎಂದಳು. ಹದಿನಾಲ್ಕು ವರ್ಷ ಒಂದೇ ಕೇರಿಯಲ್ಲಿದ್ದೇವೆ. ಅವಳ ಮನೆಯ ಒಗ್ಗರಣೆಯ ವಾಸನೆಯಿಂದಲೇ ಆ ದಿನದ ಅಡುಗೆ ಯಾವುದೆಂದು ಹೇಳಬಲ್ಲೆ. ಅವಳ ಕೈಯಲ್ಲಿ ದುಡ್ಡಿಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ. ನನ್ನದು ಅವಳಿಗೂ ಗೊತ್ತಿರಲಿಲ್ಲ.

ಅಂದು ಇಬ್ಬರೂ ಜಗಲಿಯ ಮೇಲೆ ಕೂತು, ಅವಳ ಮಗನ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳನ್ನು ಹರಿದು, ತಿಂಗಳಿಗೆ ಏನೇನು ಖರ್ಚು ಎಂದು ಬರೆಯಲು ನೋಡಿದೆವು. ಇಬ್ಬರಿಗೂ ಆಗಲಿಲ್ಲ. ಅಕ್ಕಿ, ಗ್ಯಾಸು, ಕರೆಂಟು ಬಿಟ್ಟರೆ ಉಳಿದ ದುಡ್ಡು ಎಲ್ಲಿ ಹೋಯಿತೆಂದು ನೆನಪೇ ಇಲ್ಲ. ಆಗ ಅವಳೇ ಹೇಳಿದಳು, ಇವತ್ತಿಂದ ಬರೆಯುವ, ಭಾನುವಾರ ಸಂಜೆ ಒಟ್ಟಿಗೆ ಕೂತು ನೋಡುವ ಅಂತ. ಆ ವಾರದಲ್ಲೇ ಇನ್ನು ಮೂವರು ಸೇರಿದರು. ತಲೆ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವ ಅಕ್ಕ, ನಿವೃತ್ತಿಯಾದ ಟೀಚರಕ್ಕ, ಮತ್ತೆ ಮದುವೆಯಾಗಿ ಎರಡು ವರ್ಷವಾಗಿದ್ದ ಹಿತ್ತಲಮನೆಯ ಹುಡುಗಿ. ಐದು ಮನೆ, ಐದು ವಹಿ. ಮೀನಕ್ಕನಿಗೆ ಬರೆಯಲು ಬಾರದು. ಅವಳು ರಾತ್ರಿ ಹೇಳುತ್ತಿದ್ದಳು, ಅವಳ ಮೊಮ್ಮಗಳು ಬರೆಯುತ್ತಿದ್ದಳು.

ಒಂದೇ ಒಂದು ಕಟ್ಟಳೆ ಮಾಡಿಕೊಂಡೆವು. ಒಬ್ಬರ ವಹಿಯ ಮೇಲೆ ಇನ್ನೊಬ್ಬರು, ಅವರಾಗಿ ಕೇಳದೆ, ಮಾತಾಡಬಾರದು. ಇದನ್ನು ಹೇಳಿದವಳು ಟೀಚರಕ್ಕ. ಮೂವತ್ತು ವರ್ಷ ಮಕ್ಕಳ ಪಟ್ಟಿ, ಅಂದರೆ ನೋಟುಪುಸ್ತಕ, ತಿದ್ದಿದವಳು ಅವಳು. ಕೆಂಪು ಶಾಯಿ ಕಂಡರೆ ಮಕ್ಕಳು ಮುಂದಿನ ಸಲ ಪಟ್ಟಿಯನ್ನೇ ತರುವುದಿಲ್ಲ ಎಂದಳು.

ಜೂನ್ ಮುಗಿದಾಗ ನನ್ನ ವಹಿಯ ಮೊತ್ತ 18,260 ಆಗಿತ್ತು. ದುಡಿಮೆಯೇ ಇಲ್ಲದ ತಿಂಗಳು ಅದು. ನನ್ನನ್ನು ಬೆಚ್ಚಿಬೀಳಿಸಿದ್ದು ದೊಡ್ಡ ಖರ್ಚುಗಳಲ್ಲ. ಐದು ರೂಪಾಯಿ, ಹತ್ತು ರೂಪಾಯಿಯ ಕುರುಕಲು ಪೊಟ್ಟಣಗಳಿಗೆ ಒಂದೇ ತಿಂಗಳಲ್ಲಿ 870 ಹೋಗಿತ್ತು. ಸಾಲಾಗಿ ಬರೆದದ್ದನ್ನು ನೋಡಿದಾಗ ಬೆನ್ನು ತಣ್ಣಗಾಯಿತು. ಅದು ಹೆಚ್ಚುಕಡಿಮೆ ಒಂದು ಗ್ಯಾಸ್ ಸಿಲಿಂಡರಿನ ದುಡ್ಡು. ಮಕ್ಕಳು ಅತ್ತರೆ ಒಂದು, ಮಳೆ ಬಂದು ಬೇಜಾರಾದರೆ ಒಂದು, ನೆಂಟರ ಮಗು ಬಂದರೆ ಎರಡು. ಹಾಗೆಯೇ ಮೊಬೈಲ್ ರೀಚಾರ್ಜು. ಅದನ್ನು ನಾವೆಲ್ಲ ‘ತಿಂಗಳ ರೀಚಾರ್ಜು’ ಅನ್ನುತ್ತೇವೆ. ಆದರೆ ಅದರ ಅವಧಿ 28 ದಿನ. ಟೀಚರಕ್ಕ ಕ್ಯಾಲೆಂಡರ್ ಮುಂದಿಟ್ಟು ಎಣಿಸಿ, ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಕಟ್ಟುತ್ತೇವೆ ಎಂದು ತೋರಿಸಿದಳು. ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದವು. ನಮ್ಮ ಮನೆಯಲ್ಲಿ ಮೂರು ಫೋನಿದ್ದವು, ಒಂದನ್ನು ಬರೀ ಕರೆಗೆ ಇಟ್ಟುಕೊಂಡೆವು.

ಮಕ್ಕಳಿಗೆ ಪೊಟ್ಟಣ ನಿಲ್ಲಿಸುವುದು ಸುಲಭದ ಮಾತಲ್ಲ. ಒಂದೇ ಮನೆಯಲ್ಲಿ ನಿಲ್ಲಿಸಿದರೆ ಪಕ್ಕದ ಮನೆಯ ಮಗುವಿನ ಕೈಯಲ್ಲಿ ಅದು ಕಾಣುತ್ತದೆ, ನಮ್ಮ ಮಗು ಮೋರೆ ಸಣ್ಣದು ಮಾಡಿಕೊಂಡು ಬಾಗಿಲಲ್ಲಿ ನಿಲ್ಲುತ್ತದೆ. ನಾನು ಹಿಂದೆ ಎರಡು ಸಲ ಸೋತದ್ದು ಅಲ್ಲಿಯೇ. ಈ ಸಲ ಮಕ್ಕಳಿದ್ದ ಮೂರೂ ಮನೆಗಳಲ್ಲಿ ಒಂದೇ ದಿನ ನಿಲ್ಲಿಸಿದೆವು. ಬುಧವಾರ ಕುಮಟೆ ಸಂತೆಯ ದಿನ ಮಾತ್ರ ಒಂದು ಪೊಟ್ಟಣ. ಉಳಿದ ದಿನ ಅವಲಕ್ಕಿ ಒಗ್ಗರಣೆ, ಹುರಿದ ಶೇಂಗಾ, ಹಲಸಿನ ಹಪ್ಪಳ. ನನ್ನ ಮಗ ನಾಲ್ಕು ದಿನ ಅತ್ತ. ಐದನೆಯ ದಿನ ಅಂಗನವಾಡಿ ಅಕ್ಕನ ಮನೆಯಲ್ಲಿ ಹಪ್ಪಳ ತಿನ್ನುತ್ತ ಕೂತಿದ್ದ.

ಎಲ್ಲವೂ ಹೀಗೆ ನೆಟ್ಟಗಾಗಲಿಲ್ಲ. ಮೊದಲ ತಿಂಗಳ ಹುರುಪಿನಲ್ಲಿ ಒಟ್ಟಿಗೆ ಕೊಂಡರೆ ಅಗ್ಗ ಎಂದು 1,600 ರೂಪಾಯಿ ಕೊಟ್ಟು 50 ಕಿಲೋ ಈರುಳ್ಳಿಯ ಚೀಲ ತಂದು ನಮ್ಮ ಮನೆಯ ಮೂಲೆಗಿಟ್ಟೆವು. ಜೂನ್ ತಿಂಗಳ ಕರಾವಳಿಯ ಹವೆಯಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಗೋಣಿಚೀಲದೊಳಗಿನ ಈರುಳ್ಳಿಯ ಪಾಡೇನು? ಮೂರು ವಾರಕ್ಕೆ ಮೂರರಲ್ಲೊಂದು ಪಾಲು ಮೊಳಕೆ ಒಡೆದು, ಕೊಳೆತು, ವಾಸನೆ ಹೊಡೆಯಿತು. ನನ್ನ ಅತ್ತೆ ಇದ್ದಿದ್ದರೆ ಚೀಲ ಒಳಗೆ ತರಲೂ ಬಿಡುತ್ತಿರಲಿಲ್ಲ. ಅವರು ಏಪ್ರಿಲ್‌ನಲ್ಲೇ ಊರಿನ ಸಿಹಿ ನೀರುಳ್ಳಿಯನ್ನು ತರುತ್ತಿದ್ದರು. ಹಂದಿಗೋಣ, ಅಳ್ವೆಕೋಡಿ ಕಡೆಯ ರೈತರು ಅದನ್ನು ಎಲೆಸಮೇತ ಜಡೆಯಂತೆ ಹೆಣೆದು ಹೆದ್ದಾರಿಯ ಬದಿಯಲ್ಲಿ ತೂಗುಹಾಕಿ ಮಾರುತ್ತಾರೆ. ಆ ಜಡೆಯನ್ನು ಒಲೆಯ ಮೇಲಿನ ಅಡ್ಡಗಳುವಿಗೆ ಕಟ್ಟಿದರೆ ಗಾಳಿ ಆಡುತ್ತದೆ, ಹೊಗೆ ತಾಗುತ್ತದೆ, ಆಷಾಢ ದಾಟುವವರೆಗೂ ಕೆಡುವುದಿಲ್ಲ. ಹೊರಗಿನವರು ಅದನ್ನು ಚಂದಕ್ಕೆ ಹೆಣೆದದ್ದು ಎಂದುಕೊಳ್ಳುತ್ತಾರೆ. ಮಳೆಗಾಲ ಕಂಡ ಜನ ಕಟ್ಟಿದ ಜಡೆ ಅದು. ನಾವು ಗಡಿಬಿಡಿಯಲ್ಲಿ ಅದನ್ನೇ ಮರೆತಿದ್ದೆವು.

ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಾದಂಗಡಿಯೂ ಜನರೂ ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದರು. ಆ ದಾರಿಯಲ್ಲಿ ನಮ್ಮವರು ವಾರಕ್ಕೆ ನಾಲ್ಕು ಸಲ ಟೆಂಪೋ ಓಡಿಸುತ್ತಿದ್ದರು, ಅಂಥ ಅಂಗಡಿಗಳಲ್ಲೇ ಚಾ ಕುಡಿಯುತ್ತಿದ್ದರು. ಟೆಂಪೋ ನಿಂತಿದೆ ಎಂದು ತಿಂಗಳಿಡೀ ಅಳುತ್ತಿದ್ದ ನಾನು ಅಂದು ನಿಂತಿದ್ದಕ್ಕೆ ದೇವರಿಗೆ ಕೈಮುಗಿದೆ. ಆ ಭಾನುವಾರ ಯಾರೂ ವಹಿ ತರಲಿಲ್ಲ.

ಮತ್ತೆ ಕೂತದ್ದು ಆಗಸ್ಟ್ ಮೊದಲ ವಾರ. ಅಂದಿನ ಮಾತು ಗ್ಯಾಸಿನದು. ನಮ್ಮ ಕಡೆ ಕುಚಲಕ್ಕಿ ಇಲ್ಲದೆ ಊಟವಿಲ್ಲ. ಅದು ಬೇಯಲು ಮುಕ್ಕಾಲು ಗಂಟೆ ಉರಿ ಬೇಕು. ನಮ್ಮ ಮನೆಯಲ್ಲಿ 14.2 ಕಿಲೋದ ಸಿಲಿಂಡರು 34 ದಿನ ಬರುತ್ತಿತ್ತು. ಮೀನಕ್ಕ ಸುಮ್ಮನೆ ಕೇಳುತ್ತ ಕೂತಿದ್ದವಳು, “ನೀವೆಲ್ಲ ಗಂಜಿನ ಕೊನೆತಂಕ ಎಂತಕ್ಕೆ ಬೇಯಿಸ್ತ್ರಿ?” ಎಂದಳು. ಬೆಳಿಗ್ಗೆ ನಾಲ್ಕಕ್ಕೆ ಬಂದರಿಗೆ ಹೊರಡುವವಳು ಒಲೆಯ ಮುಂದೆ ಮುಕ್ಕಾಲು ಗಂಟೆ ಕೂರುವುದು ಎಲ್ಲಿ ಬಂತು? ಅವಳ ತಾಯಿ, ಅಜ್ಜಿ ಎಲ್ಲ ಗಂಜಿ ಒಂದು ಕುದಿ ಬಂದ ಮೇಲೆ ಮಡಕೆಯನ್ನು ಕರಡದಲ್ಲಿ ಹುಗಿದು ಹೋಗುತ್ತಿದ್ದರಂತೆ. ಕರಡ ಎಂದರೆ ಬೇಣದ ಒಣಹುಲ್ಲು. ವಾಪಸು ಬರುವಾಗ ಗಂಜಿ ಅರಳಿರುತ್ತಿತ್ತು.

ಮರುದಿನವೇ ಅವಳು ನಮ್ಮ ಅಡುಗೆಮನೆಗೆ ಬಂದು ಮಾಡಿ ತೋರಿಸಿದಳು. ನಾನು ಅಂದಿನಿಂದ ಮಾಡುತ್ತಿರುವ ಕ್ರಮ ಇದು. ರಾತ್ರಿಯೇ ಅಕ್ಕಿ ತೊಳೆದು ನೆನೆಸುತ್ತೇನೆ. ಬೆಳಿಗ್ಗೆ ಅಕ್ಕಿಯ ನಾಲ್ಕು ಪಾಲು ನೀರಿಟ್ಟು, ಮುಚ್ಚಳ ಮುಚ್ಚಿ, ದೊಡ್ಡ ಉರಿಯಲ್ಲಿ ಕುದಿ ಬರಿಸಿ, ಹದಿನೈದು ನಿಮಿಷ ಗಳಗಳ ಕುದಿಸುತ್ತೇನೆ. ಅಷ್ಟೊತ್ತಿಗೆ ಬಿದಿರಿನ ಬುಟ್ಟಿಯ ತಳಕ್ಕೂ ಸುತ್ತಲಿಗೂ ನಾಲ್ಕು ಬೆರಳು ದಪ್ಪ ಕರಡ ಒತ್ತಿ ಗೂಡು ಮಾಡಿರುತ್ತೇನೆ. ಮುಚ್ಚಳ ತೆಗೆಯದೆ ಪಾತ್ರೆಯನ್ನು ಆ ಗೂಡಿನಲ್ಲಿ ಕೂರಿಸಿ, ಮೇಲೊಂದು ಗೋಣಿ, ಅದರ ಮೇಲೆ ಹಳೆಯ ಕಂಬಳಿ. ಎರಡು ಗಂಟೆ ಮುಟ್ಟುವುದಿಲ್ಲ. ಆಮೇಲೆ ತೆಗೆದು ಮತ್ತೆ ಮೂರು ನಿಮಿಷ ಒಲೆಗಿಟ್ಟು ತೆಳಿ ಬಸಿಯುತ್ತೇನೆ.

ಎರಡು ಸಲ ಕೆಟ್ಟಿತು. ಒಮ್ಮೆ ಮಕ್ಕಳಿಬ್ಬರೂ ಇಲ್ಲದ ದಿನ ಸ್ವಲ್ಪವೇ ಅಕ್ಕಿ ಹಾಕಿದ್ದೆ. ಪಾತ್ರೆ ಮುಕ್ಕಾಲು ತುಂಬಿರದಿದ್ದರೆ ಅದು ಬಿಸಿಯನ್ನು ಹಿಡಿದಿಡುವುದಿಲ್ಲ, ನಡುವೆ ಗಟ್ಟಿ ಉಳಿಯಿತು. ಇನ್ನೊಮ್ಮೆ ಬ್ಲೌಸು ಹೊಲಿಯುತ್ತ ಕೂತು ಮರೆತು ಮಧ್ಯಾಹ್ನ ಎರಡರವರೆಗೆ ಬಿಟ್ಟೆ. ಉಗುರುಬೆಚ್ಚಗಾದ ಅನ್ನ ಕರಾವಳಿಯ ಸೆಕೆಯಲ್ಲಿ ಬೇಗ ಹಳಸುತ್ತದೆ. ತೆಗೆಯುವಾಗ ಪಾತ್ರೆ ಕೈ ಸುಡುವಷ್ಟು ಬಿಸಿಯಿರಬೇಕು, ಅದೇ ಗುರುತು. ತೊಗರಿಬೇಳೆ ನೆನೆಸಿದ್ದರೆ ಇದರಲ್ಲಿ ಬೇಯುತ್ತದೆ. ಕಡಲೆ, ಹುರುಳಿ ಬೇಯುವುದಿಲ್ಲ, ಅವಕ್ಕೆ ಕುಕ್ಕರೇ ಬೇಕು. ಸ್ನಾನದ ನೀರು ಮೊದಲಿಂದಲೂ ಬಚ್ಚಲ ಹಂಡೆಯದೇ. ತೆಂಗಿನ ಸಿಪ್ಪೆ, ಗರಿ ಅದಕ್ಕೆ ಸಾಕು. ಅಕ್ಟೋಬರಿನ ಸಿಲಿಂಡರು 49 ದಿನ ಬಂತು. ಐವರಲ್ಲಿ ಓದು ಬಾರದವಳು ಹೇಳಿಕೊಟ್ಟ ಈ ಒಂದು ವಿದ್ಯೆ ನಾಲ್ಕು ಮನೆಗಳಿಗೆ ಮಾಡಿದ ಉಪಕಾರವನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ.

ಚೌತಿಯ ಹೊತ್ತಿಗೆ ನಮ್ಮ ಕೂಟಕ್ಕೆ ಕಷ್ಟದ ದಿನ ಬಂತು. ನಮ್ಮ ಜಿಲ್ಲೆಯಲ್ಲಿ ಚೌತಿ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಮುಂಬೈ, ಗೋವಾದಲ್ಲಿದ್ದವರೂ ಊರಿಗೆ ಬರುತ್ತಾರೆ. ಬಂದವರ ಎದುರು ಕಡಿಮೆ ಕಾಣಬಾರದೆಂಬ ಆಸೆ ಎಲ್ಲರಿಗೂ. ಆ ವರ್ಷ ಸೆಪ್ಟೆಂಬರ್ 7ಕ್ಕೆ ಹಬ್ಬ. ಆಗಸ್ಟ್ ಕೊನೆಯ ಭಾನುವಾರ ಹಬ್ಬದ ಖರ್ಚಿನ ಅಂದಾಜು ಬರೆಯುತ್ತಿದ್ದಾಗ ಹಿತ್ತಲಮನೆಯ ಹುಡುಗಿ ವಹಿ ತೆರೆಯಲೇ ಇಲ್ಲ. ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನು ಉಗುರಿನಿಂದ ಕೀಳುತ್ತಿದ್ದಳು. ಯಾರೂ ಕೇಳಲಿಲ್ಲ. ಎಲ್ಲರೂ ಎದ್ದ ಮೇಲೆ ಮೆಲ್ಲಗೆ, “ನಾ ಬರ್ದ ಮೀನೆಲ್ಲ ಮೀನಲ್ಲ” ಎಂದಳು.

ಎರಡು ತಿಂಗಳಿಂದ ಅವಳ ವಹಿಯಲ್ಲಿ ಮೀನಿಗೆ ತಿಂಗಳಿಗೆ 4,000ದಷ್ಟು ಇತ್ತು. ನಿಷೇಧದ ಕಾಲದಲ್ಲಿ ಮೀನು ದುಬಾರಿಯೇ, ಆದರೆ ಇಬ್ಬರ ಮನೆಗೆ ಅಷ್ಟು ಬೇಡ. ಮೀನು ಮಾರುವ ಅಕ್ಕನೇ ಎದುರಿಗೆ ಕೂತಿದ್ದರೂ ಆ ಅಂಕಿಯ ಮೇಲೆ ಒಂದು ಮಾತಾಡಿರಲಿಲ್ಲ. ಅರ್ಧ ಗಂಡನ ಕುಡಿತದ್ದು, ಅರ್ಧ ವಾರದ ಕಂತಿನದು. ಅವಳ ಹೆಸರಿನಲ್ಲಿ ಮೂರು ಕಿರುಸಾಲಗಳಿದ್ದವು. ಮೊದಲನೆಯದನ್ನು ತೀರಿಸಲು ಎರಡನೆಯದು, ಎರಡನೆಯದಕ್ಕೆ ಮೂರನೆಯದು. ಮಂಗಳವಾರ ಬೆಳಿಗ್ಗೆ ವಸೂಲಿಯವರು ಬಂದು ಅಂಗಳದಲ್ಲಿ ಕೂರುತ್ತಿದ್ದರು. ನಾವೆಲ್ಲ ಅವರನ್ನು ಅವಳ ತವರಿನ ಕಡೆಯವರೆಂದು ತಿಳಿದಿದ್ದೆವು.

ಆಗ ನಾನು ನನ್ನ ವಹಿಯ ಮೊದಲ ಪುಟ ತೆಗೆದು, ‘ಸೋಪು, ಎಣ್ಣೆ – 640’ ಎಂಬುದನ್ನು ಅವಳ ಎದುರೇ ಹೊಡೆದುಹಾಕಿ, ಕೆಳಗೆ ‘ಸೋಪು, ಎಣ್ಣೆ 240, ಸೀರೆ ಕಂತು 400’ ಎಂದು ಬರೆದೆ. ಕೈ ನಡುಗುತ್ತಿತ್ತು. ಮೂರು ತಿಂಗಳ ನಂತರ 400 ರೂಪಾಯಿಯ ಸತ್ಯ ಬರೆಯಲು ಇಷ್ಟು ಕಷ್ಟವಾದರೆ, ಅವಳು ಹೇಳಿದ್ದು ಎಷ್ಟು ಕಷ್ಟದ್ದು ಎಂದು ನನಗೆ ಅರಿವಾಯಿತು. ಅಲ್ಲಿಯವರೆಗೆ ಖರ್ಚು ಇಳಿಸುವುದು ಕೂಡಿ ಕಳೆಯುವ ಲೆಕ್ಕವೆಂದೇ ತಿಳಿದಿದ್ದೆ. ಲೆಕ್ಕ ಟೀಚರಕ್ಕನಿಗೆ ಬರುತ್ತಿತ್ತು, ನಮಗೂ ಕಲಿಸುತ್ತಿದ್ದಳು. ನಮ್ಮನ್ನು ಹಿಡಿದಿಟ್ಟದ್ದು ನಾಚಿಕೆ. ಅದು ಒಬ್ಬಳೇ ಕೂತು ಬಿಡಿಸಿಕೊಳ್ಳುವ ಗಂಟಲ್ಲ.

ಕಿರುಸಾಲದ ಕಥೆ ಉದ್ದವಿದೆ, ಅದು ಅವಳದು, ಪೂರ್ತಿ ಹೇಳಲಾರೆ. ಟೀಚರಕ್ಕ ಮೂರೂ ಸಾಲದ ಚೀಟಿ ಹರಡಿ, ಎಷ್ಟು ಬಾಕಿ, ಯಾವುದಕ್ಕೆ ಬಡ್ಡಿ ಹೆಚ್ಚು ಎಂದು ಬರೆದು, ಬಡ್ಡಿ ಹೆಚ್ಚಿನದನ್ನು ಮೊದಲು ಮುಗಿಸಲು ದಾರಿ ಹಾಕಿದಳು. ಹೊಸ ಸಾಲ ತೆಗೆಯುವುದಿಲ್ಲವೆಂದು ಹುಡುಗಿ ಮಾತು ಕೊಟ್ಟಳು. ಮಂಗಳವಾರ ಬೆಳಿಗ್ಗೆ ನಮ್ಮಲ್ಲಿ ಒಬ್ಬರು ತಪ್ಪದೆ ಅವಳ ಜಗಲಿಯಲ್ಲಿ ಕೂತೆವು. ಏನೂ ಮಾತಾಡುತ್ತಿರಲಿಲ್ಲ, ಸೊಪ್ಪು ಬಿಡಿಸುತ್ತಲೋ ಹೂ ಕಟ್ಟುತ್ತಲೋ ಇರುತ್ತಿದ್ದೆವು. ವಸೂಲಿಯವರ ದನಿ ತಾನಾಗಿ ಇಳಿಯಿತು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ವಸೂಲಿಯಲ್ಲಿ ಕಿರುಕುಳ ಕೊಡುವುದರ ವಿರುದ್ಧ ಸುಗ್ರೀವಾಜ್ಞೆ ತಂದಾಗ ಅವಳು ಪೇಪರಿನ ಆ ತುಂಡನ್ನು ಕತ್ತರಿಸಿ ವಹಿಯೊಳಗೆ ಅಂಟಿಸಿಕೊಂಡಳು. ಅಷ್ಟರಲ್ಲಿ ಒಂದು ಸಾಲ ಮುಗಿದಿತ್ತು.

ಆ ವರ್ಷದ ಚೌತಿಯಲ್ಲಿ ಪಟಾಕಿಯನ್ನು ಐದೂ ಮನೆಗೆ ಸೇರಿಸಿ ಒಂದೇ ಪೆಟ್ಟಿಗೆ ತಂದು, ಸಂಜೆ ಒಂದೇ ಅಂಗಳದಲ್ಲಿ ಹಚ್ಚಿಸಿದೆವು. ಫಲಾವಳಿಗೆ ಪೇಟೆಯಿಂದ ಏನೂ ತರಲಿಲ್ಲ. ಮೊಗೆಕಾಯಿ, ಅಡಿಕೆ ಗೊನೆ, ಸಿಂಗಾರ, ಮಾದಲಕಾಯಿ ಹೀಗೆ ಒಬ್ಬೊಬ್ಬರ ಹಿತ್ತಿಲಲ್ಲಿ ಇದ್ದದ್ದನ್ನು ಹಂಚಿಕೊಂಡೆವು. ಗಣಪತಿಯ ಮೇಲೆ ಅದು ತೂಗುತ್ತಿದ್ದದ್ದು ನೋಡಿದರೆ ಯಾರ ಮನೆಯಲ್ಲೂ ಏನೂ ಕಡಿಮೆಯಿರಲಿಲ್ಲ. ಗೋವಾದಿಂದ ಬಂದ ನಾದಿನಿ ಮಾತ್ರ, “ಈ ಸಲ ಹೊಸ ಬಟ್ಟೆ ಕಾಣ್ತಿಲ್ಲ” ಎಂದಳು. ಅದು ಚುಚ್ಚಿತು, ಇಲ್ಲ ಎನ್ನಲಾರೆ. ರಾತ್ರಿ ಹೋಗಿ ಅಂಗನವಾಡಿ ಅಕ್ಕನ ಎದುರು ಹೇಳಿಕೊಂಡೆ. ಅವಳ ಮೈದುನನೂ ಅದನ್ನೇ ಕೇಳಿದ್ದನಂತೆ. ಒಂದೇ ಮಾತು ಇಬ್ಬರಿಗೂ ಬಿದ್ದಿದೆ ಎಂದು ತಿಳಿದ ಮೇಲೆ ನಿದ್ದೆ ಬಂತು. ಮದುವೆಯ ಉಡುಗೊರೆಯಲ್ಲೂ ಅಷ್ಟೇ. ಕೇರಿಯ ಮದುವೆಗೆ ಐದು ಮನೆ ಸೇರಿ ಒಂದೇ ಹಂಡೆಯೋ ಕುಕ್ಕರೋ ಕೊಟ್ಟೆವು. ಐದು ಗಡಿಯಾರ ಕೊಡುವುದಕ್ಕಿಂತ ಮದುಮಗಳಿಗೂ ಅದೇ ಒಳ್ಳೆಯದಾಯಿತು.

ಬಸ್ಸಿನ ವಿಷಯ ಒಂದು ಮಾತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆಸ್ಪತ್ರೆಗೆ, ತವರಿಗೆ ಹೋಗಲು ಅದರಿಂದ ಆದ ಅನುಕೂಲ ಎಷ್ಟೆಂದು ನಮಗೇ ಗೊತ್ತು. ಆದರೆ ವಹಿ ನೋಡುವಾಗ ಒಂದು ಕಂಡಿತು. ಹೊನ್ನಾವರಕ್ಕೆ ಶೂನ್ಯ ಟಿಕೆಟ್ಟಿನಲ್ಲಿ ಹೋದ ದಿನವೆಲ್ಲ ಚೀಲ ತುಂಬಿಕೊಂಡು ಬಂದಿದ್ದೇವೆ. ಆಮೇಲೆ ಚೀಟಿಯಲ್ಲಿ ಬರೆದುಕೊಂಡು, ಅಷ್ಟೇ ದುಡ್ಡು ಹಿಡಿದು ಬಸ್ಸು ಹತ್ತತೊಡಗಿದೆವು.

ಈಗ ಹೇಳುವುದು ನನಗೆ ಎಲ್ಲಕ್ಕಿಂತ ಮುಖ್ಯ. ನವೆಂಬರಿನಲ್ಲಿ ಟೀಚರಕ್ಕನ ವಹಿಯಲ್ಲಿ ಔಷಧಿಯ ಖರ್ಚು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಮೆಚ್ಚಿಕೊಂಡೆವು, ನಾನೂ ಮೆಚ್ಚಿದೆ. ಎರಡು ವಾರದ ನಂತರ ಅವಳು ಬಾವಿಕಟ್ಟೆಯ ಹತ್ತಿರ ತಲೆ ಸುತ್ತಿ ಕೂತುಬಿಟ್ಟಳು. ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ತಿನ್ನುತ್ತಿದ್ದಳು. ಪೆನ್ಶನ್ ಬರುವವಳೇ, ಆದರೆ ಮಗನ ಮನೆ ಸಾಲಕ್ಕೆ ಅದರಲ್ಲಿ ಪಾಲು ಹೋಗುತ್ತಿತ್ತು. ಭಾನುವಾರ ನಾಲ್ವರ ಅಂಕಿಗಳು ಇಳಿಯುವುದನ್ನು ನೋಡಿ ತನ್ನದೂ ಇಳಿಯಬೇಕೆಂದು ಹಾಗೆ ಮಾಡಿದ್ದಳು. ನಮ್ಮ ಕೂಟವೇ ಅವಳನ್ನು ಅಲ್ಲಿಗೆ ತಂದಿತ್ತು. ಅಂದು ನನಗಾದ ಸಂಕಟ ಇನ್ನೂ ಹೋಗಿಲ್ಲ. ಅವರಾಗಿ ಕೇಳದೆ ಇನ್ನೊಬ್ಬರ ವಹಿಯ ಬಗ್ಗೆ ಮಾತಾಡಬಾರದೆಂಬ ಕಟ್ಟಳೆಯನ್ನು ಆ ವಾರ ಒಂದು ವಿಷಯದಲ್ಲಿ ಮುರಿದೆವು. ಔಷಧಿ, ಮಕ್ಕಳ ಹಾಲು, ಮೊಟ್ಟೆ – ಈ ಮೂರರ ಸಾಲಿನಲ್ಲಿ ಅಂಕಿ ಇಳಿದರೆ ಕೇಳಲೇಬೇಕು. ತಾಲೂಕು ಆಸ್ಪತ್ರೆಗೆ ನಾನೇ ಅವಳನ್ನು ಕರೆದುಕೊಂಡು ಹೋದೆ. ಡಾಕ್ಟರು ಬರೆದುಕೊಟ್ಟ ಮದ್ದಿನಲ್ಲಿ ಅಲ್ಲಿ ಸಿಕ್ಕಿದ್ದನ್ನು ಅಲ್ಲೇ ತೆಗೆದುಕೊಂಡೆವು. ಸಿಗದ್ದನ್ನು ಜನೌಷಧಿ ಕೇಂದ್ರದಲ್ಲಿ ತಂದೆವು. ಅದೇ ಮದ್ದು, ಬ್ರ್ಯಾಂಡಿನ ಹೆಸರಿಲ್ಲದ್ದು, ದರ ಬಹಳ ಕಡಿಮೆ. ಮೊದಲೇ ಹೇಳಿದ್ದರೆ ಒಂದು ಮಾತ್ರೆಯನ್ನೂ ಬಿಡಬೇಕಾಗಿರಲಿಲ್ಲ.

ಡಿಸೆಂಬರಿನಲ್ಲಿ ನನ್ನ ಮೊತ್ತ 14,700ಕ್ಕೆ ಬಂದಿತ್ತು. ಟೆಂಪೋ ಓಡುತ್ತಿತ್ತು, ಬ್ಲೌಸು ಹೊಲಿಗೆಯೂ ಇತ್ತು. ಐದೂ ಮನೆಯ ಹರಿದ ಬಟ್ಟೆಗಳಿಗೆ ತೇಪೆ, ಮಕ್ಕಳ ಸಮವಸ್ತ್ರದ ಅಂಚು ಬಿಚ್ಚಿ ಉದ್ದ ಮಾಡುವುದು ನನ್ನ ಪಾಲಿಗೆ. ಬದಲಿಗೆ ಮೀನಕ್ಕನಿಂದ ವಾರಕ್ಕೊಂದು ಸಲ ಉಳಿದ ತಾರ್ಲೆ ಮೀನು, ಅಂಗನವಾಡಿ ಅಕ್ಕನ ಚಪ್ಪರದಿಂದ ಬಸಳೆ. ಒಣಗಿದ ಶೆಟ್ಲಿ, ಅಂದರೆ ಸಿಗಡಿ, ಹಾಕಿ ಬಸಳೆ ಮಾಡಿದರೆ ಅಂದು ಬೇರೆ ಪಲ್ಯ ಯಾರಿಗೂ ಬೇಕಾಗುವುದಿಲ್ಲ.

ಮಾರ್ಚ್ ಬಂದದ್ದೇ ಈ ಸಲ ಮಳೆಗಾಲಕ್ಕೆ ಮೊದಲೇ ಅಣಿಯಾದೆವು. ನೀರುಳ್ಳಿ ಜಡೆ ಮನೆಗೆ ಎರಡರಂತೆ ಹತ್ತು. ಒಣ ಬಂಗಡೆ, ಶೆಟ್ಲಿ ಮೀನಕ್ಕನೇ ಆರಿಸಿ ತಂದಳು. ಕೊಂಡದ್ದನ್ನು ಹಾಗೇ ಡಬ್ಬಕ್ಕೆ ಹಾಕಬಾರದು, ಮತ್ತೆ ಎರಡು ಬಿಸಿಲು ಕೊಟ್ಟು, ತಣಿದ ಮೇಲೆ ತುಂಬಬೇಕು, ಮಳೆಯ ನಡುವೆ ಬಿಸಿಲು ಕಂಡ ದಿನ ಮತ್ತೆ ಹರವಬೇಕು ಎಂದು ಅವಳ ತಾಕೀತು. ಸಾಣಿಕಟ್ಟೆಯ ಹರಳುಪ್ಪು ಒಂದು ಚೀಲ ಹಂಚಿಕೊಂಡೆವು. ಅದು ಹಲಸಿನ ತೊಳೆಗೆ, ಮಾವಿನ ಮಿಡಿಗೆ. ದಿನದ ಅಡುಗೆಗೆ ಅಯೋಡಿನ್ ಇರುವ ಪುಡಿಯುಪ್ಪೇ ಇರಲಿ ಎಂದು ಅಂಗನವಾಡಿ ಅಕ್ಕ ಹಟ ಹಿಡಿದಳು, ಗರ್ಭಿಣಿಯರಿಗೆ, ಮಕ್ಕಳಿಗೆ ಅವಳು ಹೇಳುವ ಮಾತೇ ಅದು. ಮುರುಗಲು ಹಣ್ಣಿನ ಸಿಪ್ಪೆ ಒಣಗಿಸಿದೆವು. ಹಪ್ಪಳಕ್ಕೆ ಐದೂ ಮನೆಯವರು ನಮ್ಮ ಅಂಗಳದಲ್ಲಿ ಸೇರಿದೆವು. ಒಬ್ಬಳು ತೊಳೆ ಬೇಯಿಸಿದರೆ ಒಬ್ಬಳು ರುಬ್ಬಿದಳು, ಉಳಿದವರು ಒತ್ತಿದರು. ಆದರೆ 2025ರಲ್ಲಿ ಮಳೆ ನಮ್ಮ ಲೆಕ್ಕ ಕೇಳಲಿಲ್ಲ. ಮೇ ಕೊನೆಯ ವಾರಕ್ಕೇ ಮುಂಗಾರು ಬಂದುಬಿಟ್ಟಿತು. ಎರಡನೆಯ ಸಲ ಒತ್ತಿದ ಹಪ್ಪಳ ಅರ್ಧ ಹಸಿಯಾಗಿಯೇ ಒಳಬಂತು. ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವಿ ಹೇಗೋ ಉಳಿಸಿಕೊಂಡೆವು. ಹೊಗೆಯ ವಾಸನೆ ಇದೆ, ಮಕ್ಕಳಿಗೆ ಅದೇ ಇಷ್ಟವಾಗಿದೆ.

ಮಳೆ ಬರುವ ಮೊದಲು 28,000ದ ರಸೀದಿಯನ್ನು ಬಡ್ಡಿ ಸೇರಿಸಿ ಬಿಡಿಸಿಕೊಂಡೆ. ಎರಡು ಬಳೆ ಮನೆಗೆ ಬಂದವು. ಭಾನುವಾರ ಅವನ್ನು ಹಾಕಿಕೊಂಡೇ ಹೋದೆ. ಮೀನಕ್ಕ ನನ್ನ ಕೈ ಹಿಡಿದು ಬಳೆಯನ್ನು ಒಂದು ಸುತ್ತು ತಿರುಗಿಸಿ ನೋಡಿ ಕಣ್ಣು ಒರೆಸಿಕೊಂಡಳು. ಇನ್ನೊಂದು ರಸೀದಿ ಇನ್ನೂ ಅಲ್ಲೇ ಇದೆ.

2025ರ ಜೂನ್ 1ರಂದು ಮತ್ತೆ ದೋಣಿಗಳು ದಡಕ್ಕೆ ಬಂದವು. ಅಂದು ಭಾನುವಾರವೇ. ಕೆಳಗಿನ ಕೇರಿಯಿಂದ ಆರನೆಯವಳೊಬ್ಬಳು ಬಂದಳು. ಅವಳ ಗಂಡ ಬೋಟಿನಲ್ಲಿ ಕಲಾಸಿ. ಹೊಸ ನೋಟುಪುಸ್ತಕದಲ್ಲಿ ಒಂದು ವಾರದ ಖರ್ಚನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು ತಂದಿದ್ದಳು. ಮೊದಲ ಸಾಲೇ ‘ಔಷಧಿ – 700’. ಅದು ಕೇಳಲೇಬೇಕಾದ ಸಾಲು, ಇಳಿದಿದ್ದರೆ. ಇದು ಹೆಚ್ಚೇ ಇತ್ತು. ಬಾಯಲ್ಲಿ ಓದುವಾಗ ಅವಳ ದನಿ ಅಲ್ಲಿ ಮಾತ್ರ ಸಣ್ಣದಾಯಿತು. ಓದಿ ಮುಗಿಸಿ ನನ್ನ ಮುಖ ನೋಡಿದಳು. ಹಿತ್ತಲಮನೆಯ ಹುಡುಗಿ ತಲೆ ತಗ್ಗಿಸಿ ಹೂ ಕಟ್ಟುತ್ತಿದ್ದಳು. ನಾನು ಒಳಗೆ ಹೋಗಿ ಹಿಂದಿನ ವರ್ಷದ ನನ್ನ ವಹಿ ತಂದು, ಮೊದಲ ಪುಟ ತೆರೆದು ಅವಳ ಕೈಗೆ ಕೊಟ್ಟೆ, ಚಾ ಮಾಡಲು ಎದ್ದೆ.